ಗುಳೆ ಹೋದ ಮನೆಯ ಮೊಬೈಲು, ಮಗುವಿನ ಮೌನ

ಮುಂಗಾರಿನ ಬೆಳೆ ಒಕ್ಕಿ ಮುಗಿಯುತ್ತಿದ್ದಂತೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ಜನ ಗುಳೆ ಹೊರಡುತ್ತಾರೆ. ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಕೆಲವರು ಮಂಡ್ಯದ ಕಬ್ಬಿನ ಗದ್ದೆಗೆ, ಇನ್ನು ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಅಜ್ಜ, ಅಜ್ಜಿಯರ ಬಳಿ ಉಳಿಯುತ್ತಾರೆ. ಜೊತೆಗೆ ಒಂದು ಸ್ಮಾರ್ಟ್‌ಫೋನೂ ಉಳಿಯುತ್ತದೆ. ರಾತ್ರಿ ಅವ್ವನ ಮುಖ ನೋಡಲು ಅದು ಬೇಕು, ಅಪ್ಪ ಕಳಿಸಿದ ದುಡ್ಡು ಬಂತೇ ಎಂದು ತಿಳಿಯಲು ಬೇಕು, ಸಾಲಿಯ ಗ್ರೂಪಿಗೆ ಬಂದ ಹೋಂವರ್ಕ್ ಬರೆಯಲು ಬೇಕು.

ಮಕ್ಕಳ ಕೈಗೆ ಫೋನು ಕೊಡಬೇಡಿ ಎಂಬ ಉಪದೇಶ ಈ ಮನೆಗಳಲ್ಲಿ ನಡೆಯುವಂಥದ್ದಲ್ಲ. ಆದರೆ ಅದೇ ಫೋನಿನ ದಾರಿಯಲ್ಲಿ ಒಂದು ಅಪಾಯ ನಮ್ಮ ಕಡೆಗೆ ಬರುತ್ತಿದೆ. ಅಪರಿಚಿತನೊಬ್ಬ ಮಗುವಿನ ಸ್ನೇಹ ಗಳಿಸಿ ಅದರ ಖಾಸಗಿ ಚಿತ್ರ ಪಡೆಯುತ್ತಾನೆ, ಇಲ್ಲವೇ ಕೃತಕ ಬುದ್ಧಿಮತ್ತೆಯಿಂದ ಸುಳ್ಳು ಚಿತ್ರವೊಂದನ್ನು ತಯಾರಿಸುತ್ತಾನೆ. ಆಮೇಲೆ ಅದನ್ನೇ ಮುಂದಿಟ್ಟು ಹಣಕ್ಕೋ, ಇನ್ನಷ್ಟು ಚಿತ್ರಗಳಿಗೋ ಪೀಡಿಸುತ್ತಾನೆ. ಈವರೆಗೆ ಸಿಕ್ಕಿರುವ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ಮೂರು ಸಂಗತಿಗಳು ಕಾಣುತ್ತವೆ. ಈ ಬ್ಲ್ಯಾಕ್‌ಮೇಲ್ ವೇಗವಾಗಿ ಹೆಚ್ಚುತ್ತಿದೆ. ದೊಡ್ಡ ನಗರ, ಸಣ್ಣ ಊರು ಎಂಬ ಭೇದ ಅದಕ್ಕಿಲ್ಲ. ಮತ್ತು ಮಗು ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂಬ ಭರವಸೆಯ ಮೇಲೆಯೇ ಅದು ನಡೆಯುತ್ತದೆ. ಆ ಮೌನವನ್ನು ಒಡೆಯುವ ಶಕ್ತಿ ಯಾವ ಆ್ಯಪ್‌ಗೂ ಇಲ್ಲ, ಪಾಲಕರಿಗಿದೆ.

ಫೋನು ಬಂದಿದೆ, ತಿಳಿವಳಿಕೆ ಬಂದಿಲ್ಲ

ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳನ್ನು 2024ರ ‘ಅಸರ್’ ಸಮೀಕ್ಷೆ ಮಾತನಾಡಿಸಿತು. ಸುಮಾರು ಶೇ 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಶೇ 82 ಮಕ್ಕಳಿಗೆ ಅದನ್ನು ಬಳಸಲು ಬರುತ್ತಿತ್ತು. ಬಳಸಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಫೋನು ಹಿಡಿದವರು ಶೇ 57. ಸಾಮಾಜಿಕ ಜಾಲತಾಣಕ್ಕಾಗಿ ಹಿಡಿದವರು ಶೇ 76.

ಅದೇ ಸಮೀಕ್ಷೆ ಸುರಕ್ಷತೆಯ ಬಗ್ಗೆಯೂ ಕೇಳಿತು. ಜಾಲತಾಣ ಬಳಸುವ ಮಕ್ಕಳಲ್ಲಿ ಕಿರುಕುಳ ಕೊಡುವ ಖಾತೆಯನ್ನು ಬ್ಲಾಕ್ ಮಾಡುವುದು ಅಥವಾ ಅದರ ಮೇಲೆ ದೂರು ಕೊಡುವುದು ಶೇ 62 ಮಂದಿಗೆ ಗೊತ್ತಿತ್ತು. ತಮ್ಮ ಖಾತೆಯನ್ನು ‘ಪ್ರೈವೇಟ್’ ಮಾಡಿಕೊಳ್ಳುವುದು ಶೇ 55 ಮಂದಿಗೆ ಮಾತ್ರ ಗೊತ್ತಿತ್ತು. ಅಂದರೆ ನೂರರಲ್ಲಿ ನಲವತ್ತೈದು ಮಕ್ಕಳ ಫೋಟೊ, ಸ್ನೇಹಿತರ ಪಟ್ಟಿ, ಊರಿನ ಹೆಸರುಗಳನ್ನು ಯಾರು ಬೇಕಾದರೂ ನೋಡುವಂತಿದ್ದರೂ ಅದನ್ನು ಮುಚ್ಚಿಕೊಳ್ಳುವ ದಾರಿ ಅವರಿಗೆ ತಿಳಿದಿರಲಿಲ್ಲ.

ನಮ್ಮ ಕಡೆ ಇದರ ಮೇಲೆ ಇನ್ನೊಂದು ತೊಡಕಿದೆ. ಮನೆಗೆಲ್ಲ ಒಂದೇ ಫೋನು. ಸಿಮ್ ಅಪ್ಪನ ಹೆಸರಲ್ಲಿ, ಗೂಗಲ್ ಖಾತೆ ಮೊಬೈಲ್ ಅಂಗಡಿಯವರು ತೆರೆದುಕೊಟ್ಟದ್ದು. ಇನ್‌ಸ್ಟಾಗ್ರಾಂ 2024ರಿಂದ 13ರಿಂದ 17 ವರ್ಷದವರ ಖಾತೆಗಳನ್ನು ತಾನಾಗಿಯೇ ಪ್ರೈವೇಟ್ ಮಾಡುವ, ಅಪರಿಚಿತರ ಸಂದೇಶಗಳನ್ನು ತಡೆಯುವ ‘ಟೀನ್ ಅಕೌಂಟ್’ ವ್ಯವಸ್ಥೆ ತಂದಿದೆ. ಹದಿನಾಲ್ಕರ ಹುಡುಗ ತನಗೆ ಇಪ್ಪತ್ತು ಎಂದು ಬರೆದು ಖಾತೆ ತೆರೆದಿದ್ದರೆ, ಅಥವಾ ಅಪ್ಪನ ಖಾತೆಯಲ್ಲೇ ರೀಲ್ಸ್ ನೋಡುತ್ತಿದ್ದರೆ, ಆ ರಕ್ಷಣೆ ಅವನಿಗೆ ಸಿಗುವುದಿಲ್ಲ. ಕಂಪನಿಯ ಲೆಕ್ಕದಲ್ಲಿ ಅವನು ಮಗುವೇ ಅಲ್ಲ.

ಏರುತ್ತಿರುವ ಗೆರೆ

ಅಂತರ್ಜಾಲದಲ್ಲಿ ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು ಕಂಡರೆ ಅಮೆರಿಕದ ಕಂಪನಿಗಳು ಎನ್‌ಸಿಎಂಇಸಿ ಎಂಬ ಸಂಸ್ಥೆಗೆ ವರದಿ ಮಾಡಬೇಕು. ಭಾರತಕ್ಕೆ ಸಂಬಂಧಿಸಿದ ವರದಿಗಳನ್ನು ಅದು 2019ರ ಒಪ್ಪಂದದಂತೆ ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಕಳಿಸುತ್ತದೆ. ಅಲ್ಲಿಂದ ಅವು ರಾಜ್ಯಗಳ ಪೊಲೀಸರಿಗೆ ಬರುತ್ತವೆ. 2023ರಲ್ಲಿ ಜಗತ್ತಿನಾದ್ಯಂತ ಬಂದ 3.62 ಕೋಟಿ ವರದಿಗಳಲ್ಲಿ ಸುಮಾರು 89 ಲಕ್ಷ ಭಾರತಕ್ಕೆ ಸಂಬಂಧಿಸಿದ್ದವು. ಬೇರೆ ಯಾವ ದೇಶದ ಪಾಲೂ ಅಷ್ಟಿರಲಿಲ್ಲ. ಒಂದೇ ಚಿತ್ರ ಹಲವು ಬಾರಿ ಹಂಚಿಕೆಯಾದರೆ ಹಲವು ವರದಿಗಳಾಗುತ್ತವೆ; ಆದ್ದರಿಂದ ಒಂದು ವರದಿಗೆ ಒಂದು ಮಗು ಎಂದು ಎಣಿಸುವಂತಿಲ್ಲ. ಹಾಗಿದ್ದರೂ ಇದನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಮಕ್ಕಳ ವಿರುದ್ಧದ ಸೈಬರ್ ಅಪರಾಧಗಳೆಂದು ಇಡೀ ದೇಶದಲ್ಲಿ 2021ರಲ್ಲಿ ದಾಖಲಾದ ಪ್ರಕರಣಗಳು 1,376, 2022ರಲ್ಲಿ 1,823. ಒಂದೇ ವರ್ಷದಲ್ಲಿ ಮೂರನೇ ಒಂದರಷ್ಟು ಹೆಚ್ಚಾದ ಮೇಲೂ ಠಾಣೆಯ ಮೆಟ್ಟಿಲು ಹತ್ತಿದ್ದು ಇಷ್ಟೇ. ನಡುವಿನ ಅಂತರದಲ್ಲಿ ಹೇಳಿಕೊಳ್ಳದ ಮಕ್ಕಳೂ ಹೇಳಲು ಬಿಡದ ಮನೆಗಳೂ ಇವೆ.

2024ರಲ್ಲಿ ಎನ್‌ಸಿಎಂಇಸಿಗೆ ಬಂದ ವರದಿಗಳು 2.05 ಕೋಟಿಗೆ ಇಳಿದವು. ಇದನ್ನು ನೋಡಿ ಸಮಾಧಾನ ಪಡುವಂತಿಲ್ಲ. ಒಂದೇ ಪ್ರಕರಣದ ಹಲವು ವರದಿಗಳನ್ನು ಒಟ್ಟುಗೂಡಿಸಿ ಕಳಿಸುವ ಪದ್ಧತಿ ಬಂತು. ಫೇಸ್‌ಬುಕ್ ಮೆಸೆಂಜರ್‌ನಂಥ ಸೇವೆಗಳು ಸಂದೇಶಗಳನ್ನು ಪೂರ್ತಿ ಗೂಢಲಿಪಿಗೆ ಬದಲಿಸಿದ್ದರಿಂದ ಚಿತ್ರಗಳನ್ನು ಪತ್ತೆ ಮಾಡುವ ಕಣ್ಣೂ ಮಂಜಾಯಿತು. ಅದೇ ವರ್ಷ ಮಕ್ಕಳನ್ನು ಪುಸಲಾಯಿಸುವ ಪ್ರಕರಣಗಳ ವರದಿ ಸುಮಾರು 1.87 ಲಕ್ಷದಿಂದ 5.46 ಲಕ್ಷಕ್ಕೆ ಏರಿತು. ಕೃತಕ ಬುದ್ಧಿಮತ್ತೆಯ ನಂಟಿರುವ ವರದಿಗಳು 2023ರಲ್ಲಿ 4,700 ಇದ್ದದ್ದು 2024ರಲ್ಲಿ 67,000 ಆಯಿತು. ಬರಲಿರುವ ಅಪಾಯದ ಅಂದಾಜು ಸಿಗುವುದು ಈ ಎರಡು ಗೆರೆಗಳಿಂದ.

ಬಲೆ ಬೀಸುವ ಬಗೆ

ಚಂದದ ಫೋಟೊ ಇರುವ ಖಾತೆಯೊಂದರಿಂದ ಫ್ರೆಂಡ್ ರಿಕ್ವೆಸ್ಟ್ ಬರುತ್ತದೆ. ಊರಿನ ಇಬ್ಬರು ಮೂವರು ಆಗಲೇ ಅದನ್ನು ಒಪ್ಪಿಕೊಂಡಿರುವುದರಿಂದ ಪರಿಚಿತರೇ ಇರಬೇಕು ಅನ್ನಿಸುತ್ತದೆ. ಮಾತು ಬೇಗ ವಾಟ್ಸ್‌ಆ್ಯಪ್‌ಗೋ ಟೆಲಿಗ್ರಾಂಗೋ ಜಾರುತ್ತದೆ. ಒಂದು ವಿಡಿಯೊ ಕರೆ. ಆ ಕಡೆಯವರು ಪರದೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾರೆಂದು ಹುಡುಗನಿಗೆ ತಿಳಿಯುವುದೇ ಇಲ್ಲ. ಮುಂದಿನ ಸಂದೇಶದಲ್ಲಿ ಅವನದೇ ವಿಡಿಯೊ ಇರುತ್ತದೆ, ಜೊತೆಗೆ ಅವನ ಸ್ನೇಹಿತರ, ಬಂಧುಗಳ ಪಟ್ಟಿ. “ದುಡ್ಡು ಹಾಕು, ಇಲ್ಲದಿದ್ದರೆ ಎಲ್ಲರಿಗೂ ಹೋಗುತ್ತದೆ.” ಹಾಕಿದ ಮೇಲೆ ಬೇಡಿಕೆ ನಿಲ್ಲುವುದಿಲ್ಲ, ಹೆಚ್ಚುತ್ತದೆ. ಕೊಡುವ ಕೈ ಸಿಕ್ಕಿತು ಎಂಬುದು ವಂಚಕನಿಗೆ ಖಚಿತವಾಗಿರುತ್ತದೆ. ಹರಿಯಾಣ, ರಾಜಸ್ಥಾನಗಳ ಗಡಿಯ ಮೇವಾತ್ ಸೀಮೆಯ ತಂಡಗಳು ಇದನ್ನೇ ದಂಧೆ ಮಾಡಿಕೊಂಡದ್ದನ್ನು ದೇಶದ ಪೊಲೀಸರು ಹಲವು ಸಲ ಬಯಲಿಗೆಳೆದಿದ್ದಾರೆ.

ನಮ್ಮಲ್ಲಿ ಅಪಾಯ ಹೆಣ್ಣುಮಕ್ಕಳಿಗೆ ಮಾತ್ರ ಎಂಬ ನಂಬಿಕೆ ಗಟ್ಟಿಯಾಗಿದೆ. ಹಣಕ್ಕಾಗಿ ನಡೆಯುವ ಬ್ಲ್ಯಾಕ್‌ಮೇಲ್‌ನಲ್ಲಿ ಪುರಾವೆ ಬೇರೆಯದನ್ನೇ ಹೇಳುತ್ತದೆ. ಎನ್‌ಸಿಎಂಇಸಿಗೆ ಬಂದ ಇಂಥ ವರದಿಗಳನ್ನು 2024ರಲ್ಲಿ ವಿಶ್ಲೇಷಿಸಿದಾಗ ಬಲಿಯಾದವರಲ್ಲಿ ಶೇ 90 ಮಂದಿ 14ರಿಂದ 17 ವರ್ಷದ ಹುಡುಗರು. ಇಂಥ ಪೀಡನೆಗೆ ಸಿಕ್ಕು 2021ರಿಂದೀಚೆಗೆ ಪ್ರಾಣ ಕಳೆದುಕೊಂಡ ಕನಿಷ್ಠ 36 ಹುಡುಗರ ಪ್ರಕರಣಗಳು ಆ ಸಂಸ್ಥೆಯ ಗಮನಕ್ಕೆ ಬಂದಿವೆ. ಹದಿಹರೆಯದ ಮಿದುಳಿನಲ್ಲಿ ಭಯ, ನಾಚಿಕೆಗಳನ್ನು ಅನುಭವಿಸುವ ಭಾಗ ಬೇಗ ಚುರುಕಾಗುತ್ತದೆ. ಮುಂದೇನು ಎಂದು ತೂಗಿ ನೋಡುವ ಮುಂಭಾಗ ಇಪ್ಪತ್ತರ ನಡುವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ವಂಚಕ “ಹತ್ತು ನಿಮಿಷ ಟೈಮ್” ಎಂದು ಅವಸರಪಡಿಸುವುದು ಇದೇ ಕಾರಣಕ್ಕೆ. ಆ ಹತ್ತು ನಿಮಿಷದಲ್ಲಿ ಹುಡುಗನ ಪಕ್ಕದಲ್ಲಿ ಒಬ್ಬ ಹಿರಿಯರಿದ್ದರೆ ಲೆಕ್ಕವೇ ಬದಲಾಗುತ್ತದೆ.

ಖಾಸಗಿ ಚಿತ್ರವೇ ಬೇಕಿಲ್ಲ, ಮುಖ ಸಾಕು

“ನನ್ನ ಮಗಳು ಅಂಥ ಫೋಟೊ ಕಳಿಸುವವಳಲ್ಲ” ಎಂಬ ತಾಯಿಯ ಭರವಸೆ ಈವರೆಗೆ ಒಂದು ರಕ್ಷಣೆಯಾಗಿತ್ತು. ಆ ಕಾಲ ಮುಗಿಯುತ್ತಿದೆ. ಸ್ಪೇನ್‌ನಲ್ಲಿ ಅಲ್ಮೆಂದ್ರಲೆಹೊ ಎಂಬ ಊರಿದೆ. ಮೂವತ್ತು ಸಾವಿರಕ್ಕಿಂತ ತುಸು ಹೆಚ್ಚು ಜನ, ದ್ರಾಕ್ಷಿ ಮತ್ತು ಆಲಿವ್ ಬೆಳೆಯುವ ಸೀಮೆ, ಒಬ್ಬರಿಗೊಬ್ಬರು ಗೊತ್ತಿರುವಷ್ಟು ಸಣ್ಣ ಊರು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರ ಬೆತ್ತಲೆ ಚಿತ್ರಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದವು. ಅವರಲ್ಲಿ 11 ವರ್ಷದ ಬಾಲೆಯರೂ ಇದ್ದರು. ಯಾರೂ ಅಂಥ ಚಿತ್ರ ತೆಗೆಸಿಕೊಂಡಿರಲಿಲ್ಲ. ಇನ್‌ಸ್ಟಾಗ್ರಾಂನ ಸಾದಾ ಫೋಟೊಗಳನ್ನು ಒಂದು ಆ್ಯಪ್‌ಗೆ ಹಾಕಿ ಆ ಸುಳ್ಳು ಚಿತ್ರಗಳನ್ನು ಮಾಡಿದವರು ಅದೇ ಊರಿನ ಹುಡುಗರು. 2024ರ ಜುಲೈನಲ್ಲಿ ಅಲ್ಲಿನ ಬಾಲ ನ್ಯಾಯಾಲಯ 15 ಹುಡುಗರಿಗೆ ಒಂದು ವರ್ಷದ ಪ್ರೊಬೇಷನ್ ವಿಧಿಸಿತು.

ಆ ಊರಿನಿಂದ ನಾವು ಕಲಿಯಬೇಕಾದದ್ದು ಮೂರು. ಅಪರಾಧಿ ದೂರದವನೇ ಆಗಬೇಕಿಲ್ಲ, ಪಕ್ಕದ ಬೆಂಚಿನವನೂ ಆಗಬಹುದು. ಕೊಟ್ಟೂರು ತೇರಿನಲ್ಲೋ ಮೈಲಾರ ಜಾತ್ರೆಯಲ್ಲೋ ತೆಗೆದು ಸ್ಟೇಟಸ್‌ಗೆ ಹಾಕಿದ ಮಗಳ ಫೋಟೊವೇ ಇಂಥವರಿಗೆ ಸಾಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅಲ್ಲಿನ ತಾಯಂದಿರು ಹೆಣ್ಣುಮಕ್ಕಳ ಮೇಲೆ ತಪ್ಪು ಹೊರಿಸಲಿಲ್ಲ. ಬಹಿರಂಗವಾಗಿ ಮಾತನಾಡಿದರು, ದೂರು ಕೊಟ್ಟರು, “ನಿಮ್ಮದೇನೂ ತಪ್ಪಿಲ್ಲ” ಎಂದು ಮಕ್ಕಳ ಬೆನ್ನಿಗೆ ನಿಂತರು. ಅದರಿಂದಲೇ ಪ್ರಕರಣ ಹೊರಬಂತು.

ಮನೆಯ ಭಯವೇ ವಂಚಕನ ಬಲ

ಇದೇ ನಮ್ಮ ಊರಿನಲ್ಲಿ ನಡೆದರೆ? ಹೆಣ್ಣುಮಗುವಿನ ಫೋನು ಕಸಿಯುತ್ತಾರೆ, ಸಾಲಿ ಬಿಡಿಸುತ್ತಾರೆ, ಬೇಗ ಒಂದು ಗಂಡು ನೋಡುತ್ತಾರೆ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಗಂಡುಮಗುವಾದರೆ ಹೊಡೆತ, ಇಲ್ಲವೇ ಓಣಿಯ ಮುಂದೆ ಅವಮಾನ. ಮಕ್ಕಳಿಗೆ ಇದು ಗೊತ್ತು. ವಂಚಕನಿಗೂ ಗೊತ್ತು. “ನಿಮ್ಮಪ್ಪನಿಗೆ ಕಳಿಸುತ್ತೇನೆ” ಎಂಬ ಒಂದೇ ಮಾತಿನಿಂದ ಅವನು ಮಗುವನ್ನು ತಿಂಗಳುಗಟ್ಟಲೆ ಹಿಡಿದಿಡಬಲ್ಲ. ಅಪ್ಪನಿಗೆ ಮಗುವೇ ಮೊದಲು ಹೇಳಿಬಿಟ್ಟರೆ ಅವನ ಬಳಿ ಉಳಿಯುವುದೇನು? ಮನೆಯವರು ಕೊಡುವ ಶಿಕ್ಷೆ ಎಷ್ಟು ಕಠಿಣವೋ ಬ್ಲ್ಯಾಕ್‌ಮೇಲ್ ಅಷ್ಟು ಬಲವಾಗುತ್ತದೆ. ಸಿಟ್ಟಿನಲ್ಲಿ ಪಾಲಕರು ಮಾಡುವ ಪ್ರತಿಯೊಂದೂ ಊರಿನ ಉಳಿದ ಮಕ್ಕಳಿಗೆ “ಹೇಳಬೇಡ” ಎಂದೇ ಕಲಿಸುತ್ತದೆ.

ಮೌನ ಏನು ಮಾಡುತ್ತದೆ ಎಂಬುದು ಈ ಸೀಮೆಗೆ ಹೊಸ ಪಾಠವಲ್ಲ. ದೇವರ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಅನಿಷ್ಟವನ್ನು ಕೂಡ್ಲಿಗಿ, ಹರಪನಹಳ್ಳಿ ಭಾಗ ದೀರ್ಘಕಾಲ ಕಂಡಿದೆ. ಅದನ್ನು ನಿಷೇಧಿಸಿದ ಕಾಯ್ದೆ 1982ರಲ್ಲೇ ಬಂತು. ಆದರೂ 2007–08ರವರೆಗಿನ ಸಮೀಕ್ಷೆಗಳಲ್ಲಿ ರಾಜ್ಯದ 14 ಜಿಲ್ಲೆಗಳಲ್ಲಿ ಒಟ್ಟು 46,660 ದೇವದಾಸಿ ಮಹಿಳೆಯರು ಗುರುತಿಸಲ್ಪಟ್ಟರು. ಆ ಪದ್ಧತಿ ಹಿಮ್ಮೆಟ್ಟಿದ್ದು ಸಂತ್ರಸ್ತ ಮಹಿಳೆಯರೇ ಸಂಘಟಿತರಾಗಿ ಬಾಯಿಬಿಟ್ಟು ಹೇಳತೊಡಗಿದ ಮೇಲೆ. ಫೋನಿನೊಳಗಿನ ಶೋಷಣೆಗೂ ಮದ್ದು ಅದೇ.

ಕಾನೂನು ಮಗುವಿನ ಪರವಾಗಿದೆ

ಠಾಣೆಗೆ ಹೋದರೆ ಮಾನ ಹೋಗುತ್ತದೆ ಎಂಬ ಅಂಜಿಕೆಯಿಂದ ಹಿಂಜರಿಯುವವರು ಕಾನೂನನ್ನು ತಿಳಿದುಕೊಳ್ಳಬೇಕು. 2012ರ ಪೋಕ್ಸೊ ಕಾಯ್ದೆಯ 11ನೇ ಕಲಂ ಪ್ರಕಾರ ಮಗುವಿನ ಚಿತ್ರವನ್ನು ಬಳಸುವುದಾಗಿ ಲೈಂಗಿಕ ಉದ್ದೇಶದಿಂದ ಬೆದರಿಸುವುದೇ ಅಪರಾಧ. ಆ ಚಿತ್ರ ನಿಜವಾದದ್ದಿರಲಿ, ಸೃಷ್ಟಿಸಿದ್ದಿರಲಿ. ಶಿಕ್ಷೆ ಮೂರು ವರ್ಷದವರೆಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅಡಿ ಇಂಥ ಚಿತ್ರ ಹಂಚುವುದಕ್ಕೆ, ಮಕ್ಕಳನ್ನು ಆನ್‌ಲೈನ್ ಸಂಬಂಧಕ್ಕೆ ಪುಸಲಾಯಿಸುವುದಕ್ಕೆ ಮೊದಲ ಬಾರಿಗೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಮಗುವಿನ ಗುರುತನ್ನು ಗುಟ್ಟಾಗಿಡಬೇಕು. ತಿರುಚಿದ ಚಿತ್ರಗಳೂ ಸೇರಿದಂತೆ ನಗ್ನತೆಯ ಚಿತ್ರಗಳನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಐಟಿ ನಿಯಮಗಳು ಕಂಪನಿಗಳಿಗೆ ವಿಧಿಸಿದವು.

ಕಾನೂನಿನ ಇನ್ನೊಂದು ಮುಖವೂ ನಮಗೆ ಗೊತ್ತಿರಲಿ. ಇಂಥ ಚಿತ್ರಗಳನ್ನು ನೋಡುವುದು, ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ಹೇಳಿದೆ. “ನೋಡಿ, ನಮ್ಮೂರ ಹುಡುಗಿಗೆ ಹೀಗಾಯ್ತು, ಎಚ್ಚರ” ಎಂದು ಒಂದು ಚಿತ್ರವನ್ನು ಗ್ರೂಪಿಗೆ ಹಾಕುವವರು ಆ ಮಗುವಿಗೆ ಎರಡನೇ ಬಾರಿ ಅನ್ಯಾಯ ಮಾಡುತ್ತಾರೆ. ಪರಿಶೀಲಿಸದೆ ದಾಟಿಸಿದ ಸಂದೇಶ ಏನು ಮಾಡಬಲ್ಲದೆಂದು ಕಲ್ಯಾಣ ಕರ್ನಾಟಕ ಕಂಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಮಕ್ಕಳ ಕಳ್ಳರೆಂದು ಹೊಡೆಯಿತು. ಒಬ್ಬ ಯುವ ಎಂಜಿನಿಯರ್ ಸತ್ತುಹೋದರು.

ಹೊಸ ಕಾನೂನು ಬರುತ್ತಿದೆ, ಕಾಯೋಣ ಎಂದೂ ಕೂರುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ 18ರೊಳಗಿನವರ ಮಾಹಿತಿ ಬಳಸಲು ಕಂಪನಿಗಳು ಪಾಲಕರ ಒಪ್ಪಿಗೆ ಪಡೆಯಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳಿಗೆ 18 ತಿಂಗಳ ಕಾಲಾವಕಾಶವಿದೆ. ಆದರೆ ಒಪ್ಪಿಗೆಗೆ ಒಟಿಪಿ ಬಂದರೂ ಅದು ಬರುವುದು ಅಪ್ಪನ ನಂಬರಿಗೆ, ಅಪ್ಪನ ಸಿಮ್ ಇರುವುದು ಮಗನ ಕೈಯಲ್ಲಿರುವ ಫೋನಿನಲ್ಲಿ. 16ರೊಳಗಿನವರ ಜಾಲತಾಣ ಖಾತೆಗಳನ್ನು 2025ರ ಡಿಸೆಂಬರ್‌ನಲ್ಲಿ ನಿಷೇಧಿಸಿದ ಆಸ್ಟ್ರೇಲಿಯಾದಲ್ಲೂ ವಾಟ್ಸ್‌ಆ್ಯಪ್ ಆ ನಿಷೇಧದ ಹೊರಗಿದೆ. ಮನೆಯೊಳಗಿನ ಕೆಲಸವನ್ನು ಮನೆಯವರೇ ಮಾಡಬೇಕು.

ಗುಳೆ ಹೊರಡುವ ಮುನ್ನ

ಗಂಟುಮೂಟೆ ಕಟ್ಟುವ ಮುಂಚಿನ ಒಂದು ಸಂಜೆಯನ್ನು ಇದಕ್ಕೆ ಕೊಡಿ. ಮಗುವಿನ ಜೊತೆ ಕೂತು ಖಾತೆಯನ್ನು ಪ್ರೈವೇಟ್ ಮಾಡಿ, ಸರಿಯಾದ ಹುಟ್ಟಿದ ವರ್ಷ ಹಾಕಿ, ಗುರುತಿಲ್ಲದವರನ್ನು ಸ್ನೇಹಿತರ ಪಟ್ಟಿಯಿಂದ ತೆಗೆಸಿ. ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತ ನಂಬರುಗಳ ಕರೆ ಸದ್ದು ಮಾಡದಂತೆ ಇಡುವ ಸೌಲಭ್ಯವಿದೆ. ಪ್ರೊಫೈಲ್ ಫೋಟೊ, ಸ್ಟೇಟಸ್‌ಗಳನ್ನು ಗೊತ್ತಿರುವವರಿಗೆ ಮಾತ್ರ ಕಾಣುವಂತೆ ಮಾಡಬಹುದು. ಇದು ನಿಮಗೆ ಬಾರದಿದ್ದರೆ ಮಗುವೇ ತೋರಿಸಲಿ. ಕೇಳಿ ಕಲಿಯುವ ಅಪ್ಪನ ಮುಂದೆ ಮಕ್ಕಳು ಸುಲಭವಾಗಿ ಮಾತಾಡುತ್ತಾರೆ. ಯುಪಿಐ ಪಿನ್ ಅನ್ನು ಮಕ್ಕಳಿಗೆ ಹೇಳಬೇಡಿ. ರಾತ್ರಿ ಫೋನು ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ಚಾರ್ಜಿಗಿರಲಿ.

ಇದೆಲ್ಲಕ್ಕಿಂತ ದೊಡ್ಡದು ಒಂದು ಮಾತು. ಅದನ್ನು ನಿಮ್ಮ ಬಾಯಿಂದ, ನಿಮ್ಮ ಮನೆಯ ಭಾಷೆಯಲ್ಲಿ ಹೇಳಬೇಕು; ತಾಂಡಾದ ಮನೆಗಳಲ್ಲಿ ಲಂಬಾಣಿಯಲ್ಲೇ ಹೇಳಿ. “ಯಾರರ ನಿನ್ನ ಫೋಟೊ ಇಟ್ಕೊಂಡು ಹೆದರ್ಸಿದ್ರ ಮೊದ್ಲು ನಂಗ ಫೋನ್ ಹಚ್ಚು. ನೀ ಏನರ ಮಾಡಿರು, ನಾ ಬೈಯಂಗಿಲ್ಲ, ಹೊಡಿಯಂಗಿಲ್ಲ, ಸಾಲಿ ಬಿಡ್ಸಂಗಿಲ್ಲ.” ಕೊಟ್ಟ ಮಾತನ್ನು ಸಣ್ಣ ತಪ್ಪುಗಳಲ್ಲೂ ಉಳಿಸಿಕೊಳ್ಳಿ, ದೊಡ್ಡದನ್ನು ಹೇಳುವ ಮೊದಲು ಮಗು ಸಣ್ಣದನ್ನು ಹೇಳಿ ಪರೀಕ್ಷಿಸುತ್ತದೆ. ನೀವು ದೂರದಲ್ಲಿರುವಾಗ ಯಾರ ಬಳಿ ಹೋಗಬೇಕೆಂದು ಒಬ್ಬರ ಹೆಸರು ಹೇಳಿ: ಶಿಕ್ಷಕರು, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆ, ಪಂಚಾಯಿತಿಯ ಅರಿವು ಕೇಂದ್ರದ ಗ್ರಂಥಪಾಲಕರು.

ಬೆದರಿಕೆ ಬಂದಾಗ

ಮೊದಲು ಮಗುವನ್ನು ಹತ್ತಿರ ಕೂರಿಸಿಕೊಳ್ಳಿ. “ಹೇಳಿದ್ದು ಛಲೋ ಆತು” ಎಂಬುದೇ ನಿಮ್ಮ ಮೊದಲ ಮಾತಾಗಲಿ. ಹಣ ಕಳಿಸಬೇಡಿ, ಇನ್ನೊಂದು ಚಿತ್ರವನ್ನೂ ಕಳಿಸಬೇಡಿ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಬೆದರಿಕೆಯ ಸಂದೇಶ, ಖಾತೆಯ ಹೆಸರು, ಫೋನ್ ನಂಬರ್, ಹಣ ಕೇಳಿದ ಯುಪಿಐ ಐಡಿ ಇವುಗಳನ್ನು ಬರೆದಿಟ್ಟುಕೊಳ್ಳಿ. ಮಗುವಿನ ಚಿತ್ರವನ್ನು ಮಾತ್ರ ಯಾರಿಗೂ ಕಳಿಸಬೇಡಿ. ಆಮೇಲೆ ಆ ಖಾತೆಯನ್ನು ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ.

1098 ಮಕ್ಕಳ ಸಹಾಯವಾಣಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಕ್ಕಳ ಕುರಿತ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಹೊಸಪೇಟೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇದೆ. ಆದರೆ ಅಷ್ಟು ದೂರ ಹೋಗಲೇಬೇಕೆಂದಿಲ್ಲ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಹತ್ತಿರದ ಯಾವ ಠಾಣೆಯಾದರೂ ದೂರು ತೆಗೆದುಕೊಳ್ಳಬೇಕು. ಎನ್‌ಸಿಎಂಇಸಿಯ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಲ್ಲಿ ಚಿತ್ರ ಮಗುವಿನ ಫೋನು ಬಿಟ್ಟು ಹೋಗುವುದಿಲ್ಲ; ಅದರ ಡಿಜಿಟಲ್ ಬೆರಳಚ್ಚು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ನಂಥ ತಾಣಗಳು ಅದರ ಆಧಾರದ ಮೇಲೆ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಮಗು ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಲಹೆಗಾರರು ಕನ್ನಡದಲ್ಲೇ ಮಾತಾಡುತ್ತಾರೆ.

ಊರಿನ ಪಾಲೂ ಇದರಲ್ಲಿದೆ. ಪ್ರತಿ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ನವೆಂಬರ್ 14ರ ಆಸುಪಾಸಿನಿಂದ ಶುರುವಾಗುವ ಆ ಸಭೆಗಳ ಹೊತ್ತಿಗೇ ಗುಳೆಯೂ ಶುರುವಾಗುತ್ತದೆ. ಈ ವಿಷಯ ಅಲ್ಲಿ ಚರ್ಚೆಗೆ ಬರಲಿ. 1098, 1930, 14416 ಸಂಖ್ಯೆಗಳು ಪ್ರತಿ ಸಾಲಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಗಂಡುಮಕ್ಕಳ ಅಪ್ಪಂದಿರನ್ನೂ ಕರೆದು ಹೇಳಬೇಕು: ಸಹಪಾಠಿಯ ಸುಳ್ಳು ಚಿತ್ರ ಮಾಡುವುದು ತಮಾಷೆಯಲ್ಲ, ಅಪರಾಧ. ಗುಳೆ ಹೋದವರ ಮಕ್ಕಳಿಗೆ ಋತುಮಾನದ ವಸತಿ ಸೌಲಭ್ಯ ಬೇಕೆಂದು ಶಿಕ್ಷಣ ಇಲಾಖೆಯನ್ನು ಒತ್ತಾಯಿಸಬೇಕು. ನೋಡಿಕೊಳ್ಳುವ ಹಿರಿಯರು ಇರುವಲ್ಲಿ ಮಕ್ಕಳು ಹೆಚ್ಚು ಸುರಕ್ಷಿತರು.

ಗೆರೆ ಏರುತ್ತಿದೆ, ನಮ್ಮ ಊರುಗಳನ್ನು ಬಿಟ್ಟು ಏರುವುದಿಲ್ಲ. ಮುಂದಿನ ಗುಳೆ ಶುರುವಾಗುವ ಮೊದಲು ಈ ಐದು ತಾಲ್ಲೂಕಿನ ಪ್ರತಿ ಮಗುವಿಗೂ “ಹೇಳಿದರೆ ನನಗೆ ಶಿಕ್ಷೆ ಇಲ್ಲ” ಎಂಬುದು ಖಾತ್ರಿಯಾದರೆ, ಅವರನ್ನು ಪೀಡಿಸುವವನ ಕೈಯಲ್ಲಿ ಉಳಿಯುವುದು ಒಂದು ಚಿತ್ರ ಮಾತ್ರ. ಅದನ್ನು ಎದುರಿಸಲು ಕಾನೂನಿದೆ, ಸಹಾಯವಾಣಿ ಇದೆ. ಅಪ್ಪ, ಅವ್ವ ಕೊಡಬೇಕಾದ ಖಾತ್ರಿಯನ್ನು ಮಾತ್ರ ಬೇರೆ ಯಾರೂ ಕೊಡಲಾರರು.